ಅಗುಳಿಯಿಂದ ಅಂಕಿಗೆ

ಶಿವಮೊಗ್ಗ ಸೀಮೆಯ ಹಳೆಯ ತೊಟ್ಟಿಮನೆಗಳಿಗೆ ಅಗುಳಿಯೇ ಕಾವಲು. ಗೋಡೆಯ ತೂತಿನಲ್ಲಿ ಅಡಗಿದ್ದ ಮರದ ತೊಲೆಯನ್ನು ರಾತ್ರಿ ಎಳೆದು ಕದಕ್ಕೆ ಅಡ್ಡ ಹಾಕಿದರೆ ಹೊರಗಿನಿಂದ ತೆಗೆಯುವಂತಿಲ್ಲ. ಒಳಗೆ ಯಾರಾದರೂ ಇರಲೇಬೇಕಿತ್ತು.

ಮನೆ ಖಾಲಿ ಬಿಟ್ಟು ದುಡಿಯಲು ಹೊರಟವರಿಗೆ ಬೀಗ ಬೇಕಾಯಿತು. ಬೆಂಕಿಪುರವನ್ನು ಭದ್ರಾವತಿಯಾಗಿ ಬೆಳೆಸಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಮ್ಮಣ್ಣುಗುಂಡಿಯ ಅದಿರು ಕರಗಿಸತೊಡಗಿತು. ಪಾಳಿ ಕೆಲಸದ ಬದುಕಿನಲ್ಲಿ ಬೀಗದಕೈಗೆ ಪಕ್ಕದ ಮನೆಯೇ ಗತಿ.

ಈಗ ನಂಬರ್ ಲಾಕ್. ಅದರ ಕೈಪಿಡಿ ಹುಡುಕಲು ಬೇಕಾದ ಮಾದರಿಯ ಹೆಸರು ಹೆಚ್ಚಾಗಿ ಒಳಬದಿಯ ಬ್ಯಾಟರಿ ಮುಚ್ಚಳದಡಿ ಸಿಗುತ್ತದೆ. ಕಂಪನಿ ಕೊಟ್ಟ ಸಂಖ್ಯೆಯನ್ನು ಮೊದಲು ಬದಲಿಸಬೇಕು, ಹೊಸದನ್ನು ಕದ ತೆರೆದಿಟ್ಟೇ ಪರೀಕ್ಷಿಸಬೇಕು. ನಾಲ್ಕಂಕಿಯ ಸಂಖ್ಯೆಗೆ 10,000 ಸಾಧ್ಯತೆಗಳು. ಆದರೆ ವರ್ಷಗಟ್ಟಲೆ ಒತ್ತಿ ನಾಲ್ಕೇ ಗುಂಡಿಗಳು ಸವೆದು ಮಿರುಗುತ್ತಿದ್ದರೆ, ಕಳ್ಳನಿಗೆ ಉಳಿಯುವುದು ಬರೀ 24.