ಬೀದಿಯ ಲೆಕ್ಕ

ಬೆಳಗಿನ ಹತ್ತು ಗಂಟೆಗೆ ನಿಮ್ಮ ಪಟ್ಟಣದ ದೊಡ್ಡ ಬೀದಿಯನ್ನು ಒಮ್ಮೆ ನೋಡಿರಿ. ಅರವತ್ತು ಜನರನ್ನು ಹೊತ್ತ ಬಸ್ಸು, ಒಬ್ಬಿಬ್ಬರನ್ನು ಹೊತ್ತ ಕಾರುಗಳ ಸಾಲಿನ ಹಿಂದೆ ಸಿಕ್ಕಿಕೊಂಡಿರುತ್ತದೆ. ಬೀದಿಯಲ್ಲಿ ಎಣಿಸಬೇಕಾದದ್ದು ವಾಹನಗಳನ್ನೋ, ಜನರನ್ನೋ? ಈ ಪ್ರಶ್ನೆಯನ್ನು ಮೊದಮೊದಲಿಗೆ ಗಟ್ಟಿಯಾಗಿ ಕೇಳಿದ ಊರುಗಳಲ್ಲಿ ಬ್ರೆಜಿಲ್ ದೇಶದ ಕುರಿಟಿಬಾ ಮುಖ್ಯವಾದುದು.

ಎರಡನೆಯ ಮಹಾಯುದ್ಧದ ತರುವಾಯ ಈ ಊರು ಬಹು ಬೇಗ ಬೆಳೆಯಿತು. 1966ರಲ್ಲಿ ಅದಕ್ಕೆ ಹೊಸದೊಂದು ನಗರಯೋಜನೆ ಸಿದ್ಧವಾಯಿತು. ಊರು ದಿಕ್ಕುಗೆಟ್ಟು ಹಬ್ಬದೆ, ಗೊತ್ತಾದ ಕೆಲವು ದಾರಿಗಳ ಗುಂಟ ಬೆಳೆಯಬೇಕೆಂಬುದು ಅದರ ಸಾರ. 1971ರಲ್ಲಿ ಜೈಮೆ ಲರ್ನರ್ ಎಂಬ ವಾಸ್ತುಶಿಲ್ಪಿಗಳು ಮೇಯರ್ ಆದರು. ಮರುವರ್ಷವೇ ಪೇಟೆಯ ಮುಖ್ಯ ಬೀದಿಯನ್ನು ಮೋಟಾರುಗಳಿಗೆ ಮುಚ್ಚಿ, ನಡೆದು ಹೋಗುವವರಿಗೆ ಬಿಟ್ಟುಕೊಟ್ಟರು. 1974ರಲ್ಲಿ ದಾರಿಯ ನಡುವೆ ಬಸ್ಸುಗಳಿಗೇ ಮೀಸಲಾದ ಪಥಗಳು ಬಂದವು. ಸುರಂಗ ರೈಲಿನ ವೆಚ್ಚ ಊರಿನ ಕೈಗೆ ಎಟುಕುವಂತಿರಲಿಲ್ಲ. ನೆಲದ ಮೇಲಿನ ಬಸ್ಸೇ ಆ ಕೆಲಸವನ್ನು ಮಾಡಬೇಕಾಯಿತು. ಎತ್ತರದ ಕಟ್ಟಡಗಳಿಗೆ ಈ ಪಥಗಳ ಪಕ್ಕದಲ್ಲಿ ಅನುಮತಿಯಿತ್ತುದರಿಂದ ಜನವಸತಿಯೂ ಬಸ್ಸಿನ ಬಳಿಯೇ ಬೆಳೆಯಿತು. 1991ರಲ್ಲಿ ಕೊಳವೆಯಾಕಾರದ ನಿಲ್ದಾಣಗಳು ಬಂದವು. ಪ್ರಯಾಣಿಕರು ಮೊದಲೇ ಹಣ ಕೊಟ್ಟು ಒಳಗೆ ಕಾದಿರುತ್ತಾರೆ. ನಿಲ್ದಾಣದ ನೆಲವೂ ಬಸ್ಸಿನ ನೆಲವೂ ಒಂದೇ ಮಟ್ಟ. ಮೆಟ್ಟಿಲು ಹತ್ತುವ, ಚಿಲ್ಲರೆ ಹುಡುಕುವ ಹೊತ್ತು ಉಳಿಯಿತು.

ಆದರೆ ಒಂದು ಮಾತನ್ನು ಮರೆಯಲಾಗದು. ಆಗ ಬ್ರೆಜಿಲಿನಲ್ಲಿ ಸೈನ್ಯದ ಆಡಳಿತವಿತ್ತು. ಲರ್ನರ್ ಅವರನ್ನು ನೇಮಿಸಲಾಗಿತ್ತೇ ಹೊರತು ಜನ ಚುನಾಯಿಸಿರಲಿಲ್ಲ. ಮತ ಕೇಳಿ ಬರಬೇಕಾದವರಿಗೆ ಇದು ಸಾಧ್ಯವೆ ಎಂದು ನೀವು ಕೇಳಬಹುದು. ಕೊಲಂಬಿಯ ದೇಶದ ಬೊಗೋಟಾದಲ್ಲಿ ಚುನಾಯಿತ ಮೇಯರ್ ಎನ್ರಿಕೆ ಪೆನ್ಯಲೋಸಾ ಅವರು 2000ದಲ್ಲಿ ಇಂಥದೇ ಬಸ್ ಪಥವನ್ನು ತೆರೆದು, ಸಾಧ್ಯವೆಂದು ತೋರಿಸಿದರು.

ದಿಲ್ಲಿಯ ಕಥೆ ಬೇರೆಯಾಯಿತು. ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ ಆರು ಕಿಲೋಮೀಟರಿಗೂ ತುಸು ಕಡಮೆಯ ಪಥ 2008ರಲ್ಲಿ ತೆರೆಯಿತು. ಕಾರಿನವರ ದೂರು ಬೆಳೆದು ಮೊಕದ್ದಮೆಯೂ ನಡೆಯಿತು. 2012ರಲ್ಲಿ ಹೈಕೋರ್ಟು ಪಥದ ಪರವಾಗಿ ತೀರ್ಪಿತ್ತಿತು. ಆದರೂ 2016ರಲ್ಲಿ ಅದನ್ನು ಕಿತ್ತುಹಾಕಲು ತೊಡಗಿದರು. ಊರಿನ ಉಳಿದ ದಾರಿಗಳೊಡನೆ ಕೂಡದ ತುಂಡು ಪಥ, ತನ್ನ ಪರವಾಗಿ ಮಾತಾಡುವವರನ್ನು ಗಳಿಸಲಾರದೆ ಹೋಯಿತು.

ನಮ್ಮ ನಾಡಿನಲ್ಲಿ ಹುಬ್ಬಳ್ಳಿ-ಧಾರವಾಡಗಳ ನಡುವೆ, ಸುಮಾರು 22 ಕಿಲೋಮೀಟರ್ ಪಥದಲ್ಲಿ, 2018ರ ಅಕ್ಟೋಬರಿನಿಂದ ‘ಚಿಗರಿ’ ಬಸ್ಸುಗಳು ಓಡತೊಡಗಿದವು. ಉಳಿದ ವಾಹನಗಳಿಗೆ ದಾರಿ ಇಕ್ಕಟ್ಟಾಯಿತೆಂಬ ದೂರು ಇಲ್ಲಿಯೂ ಎದ್ದಿತು. ಆ ದೂರನ್ನು ಕೇಳಲೇಬೇಕು. ಆದರೆ ಯಾವುದೇ ಊರು ತೀರ್ಮಾನಕ್ಕೆ ಬರುವ ಮುನ್ನ, ಪಥದೊಳಗೆ ಹೋದ ತಲೆಗಳನ್ನೂ ಪಥದ ಹೊರಗೆ ಹೋದ ತಲೆಗಳನ್ನೂ ಎಣಿಸಿ ನೋಡುವುದು ನ್ಯಾಯ. ಬಸ್ಸಿನಲ್ಲಿ ನಿಂತು ಕೆಲಸಕ್ಕೆ ಹೋಗುವವರಿಗೆ ಸಭೆಗಳಿಗೆ ಬಂದು ಅಹವಾಲು ಹೇಳುವಷ್ಟು ಬಿಡುವಿಲ್ಲ. ಅವರ ಲೆಕ್ಕವನ್ನು ಊರೇ ಇಡಬೇಕಾಗುತ್ತದೆ.