ಝೀಕಾ ವೈರಸ್ ಮತ್ತು ಎನ್‌ಕೆ ಕೋಶಗಳ ಗ್ರಾಹಕ ಅಣುಗಳು

ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ 2023ರ ಆಗಸ್ಟ್‌ನಲ್ಲಿ ಸಂಗ್ರಹಿಸಿದ ಸೊಳ್ಳೆಗಳಲ್ಲಿ ಝೀಕಾ ವೈರಸ್ ಪತ್ತೆಯಾಗಿತ್ತು. ಬಳಿಕ ಸುತ್ತಲಿನ ಗ್ರಾಮಗಳ ಗರ್ಭಿಣಿಯರು ಹಾಗೂ ಜ್ವರಪೀಡಿತರ ರಕ್ತದ ಮಾದರಿಗಳನ್ನು ಆರೋಗ್ಯ ಇಲಾಖೆ ಪರೀಕ್ಷೆಗೆ ಕಳುಹಿಸಿತು. ಈ ವೈರಸ್ ಮಾಸನ್ನು ದಾಟಿ ಭ್ರೂಣವನ್ನು ತಲುಪಿದರೆ ಶಿಶುವಿನ ಮಿದುಳಿನ ಬೆಳವಣಿಗೆ ಕುಂಠಿತಗೊಳ್ಳುವ ಅಪಾಯವಿರುವುದೇ ಗರ್ಭಿಣಿಯರ ಮೇಲಿನ ವಿಶೇಷ ನಿಗಾಕ್ಕೆ ಕಾರಣ.

ವೈರಸ್ ಹೊಕ್ಕ ಕೋಶಗಳನ್ನು ಆರಂಭದಲ್ಲಿಯೇ ನಾಶಪಡಿಸುವ ಬಿಳಿ ರಕ್ತಕಣಗಳಿಗೆ ನ್ಯಾಚುರಲ್ ಕಿಲ್ಲರ್ ಅಥವಾ ಎನ್‌ಕೆ ಕೋಶಗಳೆಂದು ಹೆಸರು. 1975ರಲ್ಲಿ ಸ್ವೀಡನ್ ಮತ್ತು ಅಮೆರಿಕದ ವಿಜ್ಞಾನಿಗಳು ಇವುಗಳನ್ನು ವಿವರಿಸಿದರು. ಗರ್ಭಧಾರಣೆಯ ಮೊದಲ ಮೂರು ತಿಂಗಳಲ್ಲಿ ಗರ್ಭಕೋಶದ ಒಳಪದರದ ಬಿಳಿ ರಕ್ತಕಣಗಳ ಪೈಕಿ ಸುಮಾರು ಶೇ 70ರಷ್ಟು ಇವೇ ಆಗಿರುತ್ತವೆ.

ಗುರುತಿಸುವ ಬಗೆ

ಎನ್‌ಕೆ ಕೋಶದ ಹೊರಮೈಯಲ್ಲಿ ಎರಡು ಬಗೆಯ ಗ್ರಾಹಕ ಅಣುಗಳಿವೆ. ಎನ್‌ಕೆಜಿ2ಡಿ, ಎನ್‌ಕೆಪಿ46 ಮೊದಲಾದವು ದಾಳಿಗೆ ಪ್ರಚೋದಿಸುತ್ತವೆ. ಎನ್‌ಕೆಜಿ2ಎ ಹಾಗೂ ಕೆಐಆರ್ ಗುಂಪಿನ ಹಲವು ಅಣುಗಳು ದಾಳಿಯನ್ನು ತಡೆಯುತ್ತವೆ. ಆರೋಗ್ಯವಂತ ಕೋಶಗಳ ಮೇಲಿರುವ ಎಚ್‌ಎಲ್‌ಎ ಅಣುಗಳು ಗುರುತಿನ ಚೀಟಿಯಿದ್ದಂತೆ. ತಡೆ ಗ್ರಾಹಕಗಳಿಗೆ ಆ ಚೀಟಿ ಕಂಡರೆ ಕೋಶ ಉಳಿಯುತ್ತದೆ. ಚೀಟಿ ಮರೆಯಾಗಿ ಪ್ರಚೋದನೆ ಹೆಚ್ಚಿದರೆ ಸಾಯುತ್ತದೆ.

ಬೆಳವಣಿಗೆಯ ಹಂತಗಳು

ಈ ಗ್ರಾಹಕಗಳು ಒಮ್ಮೆಗೇ ಮೂಡುವುದಿಲ್ಲ. ಎಳೆಯ ಕೋಶದಲ್ಲಿ ಮೊದಲು ಇಂಟರ್‌ಲ್ಯೂಕಿನ್-15 ಎಂಬ ಬೆಳವಣಿಗೆಯ ಸಂಕೇತವನ್ನು ಸ್ವೀಕರಿಸುವ ಅಣು ಕಾಣಿಸಿಕೊಳ್ಳುತ್ತದೆ. ಮುಂದೆ ಎನ್‌ಕೆಜಿ2ಎ ಬರುತ್ತದೆ. ಕೆಐಆರ್ ಹಾಗೂ ಪ್ರತಿಕಾಯ ಅಂಟಿದ ಕೋಶವನ್ನು ಹಿಡಿಯುವ ಸಿಡಿ16 ಪ್ರೌಢ ಹಂತದಲ್ಲಿ ತುಂಬಿಕೊಳ್ಳುತ್ತವೆ. ಕೆಐಆರ್ ವಂಶವಾಹಿಗಳು 19ನೇ ವರ್ಣತಂತುವಿನಲ್ಲಿಯೂ ಎಚ್‌ಎಲ್‌ಎ ವಂಶವಾಹಿಗಳು 6ನೇ ವರ್ಣತಂತುವಿನಲ್ಲಿಯೂ ಇರುವುದರಿಂದ ಇವೆರಡರ ಜೋಡಣೆ ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನವಾಗಿರುತ್ತದೆ.

ಝೀಕಾ ತಂತ್ರ

ಅನೇಕ ವೈರಸ್‌ಗಳು ಗುರುತಿನ ಚೀಟಿಯನ್ನು ಅಡಗಿಸಿದರೆ, ಝೀಕಾ ಅದನ್ನು ಹೆಚ್ಚಿಸುತ್ತದೆ. ಸೋಂಕಿತ ಕೋಶಗಳ ಮೇಲೆ ಎಚ್‌ಎಲ್‌ಎ ಅಣುಗಳು ಅಧಿಕವಾಗಿ, ತಡೆ ಗ್ರಾಹಕಗಳು ಎನ್‌ಕೆ ಕೋಶವನ್ನು ಸುಮ್ಮನಾಗಿಸುತ್ತವೆ ಎಂಬುದನ್ನು 2017ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ತೋರಿಸಿದರು.

ದೇಹದ ಕಾವಲನ್ನೇ ವಂಚಿಸಬಲ್ಲ ಈ ವೈರಸ್‌ಗೆ ಬಳಕೆಗೆ ಅನುಮೋದಿತ ಲಸಿಕೆಯಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಡ್ರಮ್, ತೊಟ್ಟಿಗಳಲ್ಲಿ ನೀರು ಶೇಖರಿಸುವುದು ಅನಿವಾರ್ಯ. ಹಗಲು ಕಚ್ಚುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ನೀರಿನಲ್ಲಿಯೇ. ಆದ್ದರಿಂದ ತೊಟ್ಟಿಗಳನ್ನು ಮುಚ್ಚಿಡುವುದು, ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ ತೊಳೆಯುವುದೇ ಗರ್ಭಿಣಿಯರಿಗೆ ಸದ್ಯದ ಮೊದಲ ರಕ್ಷಣೆ.