ಮಾಲೀಕ ಒಂದು ದೇಶ, ಬಾವುಟ ಇನ್ನೊಂದು ದೇಶ: ಬಾಡಿಗೆ ಬಾವುಟಗಳ ನೂರು ವರ್ಷ



ಬೆಂಗಳೂರಿನ ರಸ್ತೆಗಳಲ್ಲಿ ಪುದುಚೇರಿ ನಂಬರ್ ಪ್ಲೇಟಿನ ದುಬಾರಿ ಕಾರುಗಳನ್ನ ನೀವೂ ನೋಡಿರ್ತೀರಿ. ಮಾಲೀಕರು ಇರೋದು ಇಲ್ಲೇ, ಕಾರು ಓಡೋದೂ ಇಲ್ಲೇ, ನೋಂದಣಿ ಮಾತ್ರ ಅಲ್ಲಿ. ಯಾಕೆ ಅಂದ್ರೆ ಅಲ್ಲಿ ತೆರಿಗೆ ಕಡಿಮೆ. ಇದೇ ಉಪಾಯವನ್ನ ಹಡಗಿನವರು ನೂರು ವರ್ಷದ ಹಿಂದೆಯೇ ಕಂಡುಕೊಂಡಿದ್ದರು. ಇವತ್ತು ಆ ಕಥೆ.

ಮೊದಲು ಸ್ವಲ್ಪ ಲೆಕ್ಕ ನೋಡೋಣ. ಜಗತ್ತಿನಲ್ಲಿ ಇವತ್ತು ಒಂದು ಲಕ್ಷಕ್ಕೂ ಹೆಚ್ಚು ವಾಣಿಜ್ಯ ಹಡಗುಗಳಿವೆ. ದೇಶದೇಶಗಳ ನಡುವೆ ಓಡಾಡುವ ಸರಕಿನಲ್ಲಿ ತೂಕದ ಲೆಕ್ಕದಲ್ಲಿ ಶೇ 80ರಷ್ಟು ಹೋಗೋದು ಇವುಗಳಲ್ಲೇ. ಹೊರುವ ಸಾಮರ್ಥ್ಯ ನೋಡಿದ್ರೆ ಕಲ್ಲಿದ್ದಲು, ಅದಿರು, ಧಾನ್ಯ ಸಾಗಿಸುವ ಬಲ್ಕ್ ಕ್ಯಾರಿಯರ್‌ಗಳದ್ದೇ ದೊಡ್ಡ ಪಾಲು. ಆಮೇಲೆ ತೈಲ ಟ್ಯಾಂಕರ್‌ಗಳು, ಅದರ ನಂತರ ಕಂಟೇನರ್ ಹಡಗುಗಳು.

ಇವುಗಳ ಮಾಲೀಕರು ಯಾರು? ಗ್ರೀಸ್, ಚೀನಾ, ಜಪಾನ್ ದೇಶದವರು ಮುಂದಿದ್ದಾರೆ. ಸರಿ, ಬಾವುಟ ಯಾರದ್ದು? ಲೈಬೀರಿಯಾ, ಪನಾಮಾ, ಮಾರ್ಷಲ್ ದ್ವೀಪಗಳು! ಜಗತ್ತಿನ ಹಡಗುಗಳ ಒಟ್ಟು ಸಾಮರ್ಥ್ಯದಲ್ಲಿ ಶೇ 40ಕ್ಕೂ ಹೆಚ್ಚು ಈ ಮೂರು ದೇಶಗಳ ಹೆಸರಲ್ಲಿದೆ. ಮಾರ್ಷಲ್ ದ್ವೀಪಗಳ ಜನಸಂಖ್ಯೆ ಎಷ್ಟು ಗೊತ್ತಾ? ಸುಮಾರು 40 ಸಾವಿರ. ನಮ್ಮ ಒಂದು ತಾಲ್ಲೂಕು ಕೇಂದ್ರದಷ್ಟು.

ಇದು ಶುರುವಾಗಿದ್ದು ಮದ್ಯದಿಂದ. 1920ರಲ್ಲಿ ಅಮೆರಿಕದಲ್ಲಿ ಪಾನನಿಷೇಧ ಜಾರಿಗೆ ಬಂತು. ಅಮೆರಿಕದ ಬಾವುಟ ಇರುವ ಹಡಗಿನಲ್ಲೂ ಮದ್ಯ ಕೊಡುವ ಹಾಗಿಲ್ಲ ಅಂತ ಸರ್ಕಾರ ಹೇಳಿದಾಗ ಪ್ರಯಾಣಿಕ ಹಡಗಿನ ಕಂಪನಿಗಳು ಕಂಗಾಲಾದವು. ಬ್ರಿಟಿಷ್ ಹಡಗಿನಲ್ಲಿ ಬಾರ್ ಇರುವಾಗ ಇವರ ಹಡಗನ್ನ ಯಾರು ಹತ್ತುತ್ತಾರೆ? 1922ರಲ್ಲಿ 'ರಿಲಯನ್ಸ್' ಮತ್ತು 'ರೆಸೊಲ್ಯೂಟ್' ಅನ್ನೋ ಎರಡು ಹಡಗುಗಳು ಅಮೆರಿಕದ ಬಾವುಟ ಇಳಿಸಿ ಪನಾಮಾದ್ದು ಏರಿಸಿದವು. ಬಾರ್ ಮತ್ತೆ ತೆರೆಯಿತು.

ಮದ್ಯ ಒಂದು ನೆಪ ಅಷ್ಟೇ. ಬಾವುಟ ಬದಲಿಸಿದರೆ ತೆರಿಗೆ ಉಳಿಯುತ್ತೆ, ಅಮೆರಿಕದ ಕಾರ್ಮಿಕ ಕಾನೂನು ಅಡ್ಡ ಬರಲ್ಲ, ಯಾವ ದೇಶದವರನ್ನಾದರೂ ಕಡಿಮೆ ಸಂಬಳಕ್ಕೆ ಇಟ್ಟುಕೊಳ್ಳಬಹುದು. ನಿಜವಾದ ಲಾಭ ಇದು. 1925ರಲ್ಲಿ ಪನಾಮಾ ಕಾನೂನು ಮಾಡಿ ಎಲ್ಲ ದೇಶದವರಿಗೂ ಬಾಗಿಲು ತೆರೆಯಿತು. ಅದಕ್ಕೆ ಸಿಕ್ಕಿದ್ದು ಶುಲ್ಕದ ಹಣ.

1948ರಲ್ಲಿ ಲೈಬೀರಿಯಾ ಬಂತು. ಅದರ ಹಿಂದಿದ್ದವರು ಅಮೆರಿಕದ ಮಾಜಿ ವಿದೇಶಾಂಗ ಕಾರ್ಯದರ್ಶಿ ಎಡ್ವರ್ಡ್ ಸ್ಟೆಟಿನಿಯಸ್. ಮರುವರ್ಷ ಮೊದಲು ನೋಂದಣಿಯಾದದ್ದು ಗ್ರೀಕ್ ಉದ್ಯಮಿ ನಿಯಾರ್ಕೊಸ್ ಅವರ 'ವರ್ಲ್ಡ್ ಪೀಸ್' ಟ್ಯಾಂಕರ್. ತಮಾಷೆ ಕೇಳಿ: ಲೈಬೀರಿಯಾ ಇರೋದು ಆಫ್ರಿಕಾದಲ್ಲಿ, ಅದರ ಹಡಗು ನೋಂದಣಿಯನ್ನ ನಡೆಸೋದು ಅಮೆರಿಕದ ವರ್ಜೀನಿಯಾದಿಂದ. ಇನ್ನೊಂದಿದೆ. ಸಮುದ್ರವೇ ಇಲ್ಲದ ಮಂಗೋಲಿಯಾ ಕೂಡ 2003ರಲ್ಲಿ ಹಡಗು ನೋಂದಣಿ ಶುರು ಮಾಡಿತು, ಸಿಂಗಾಪುರದಲ್ಲಿ ಆಫೀಸ್ ಇಟ್ಟು!

ಬಾವುಟಕ್ಕೂ ಹಡಗಿಗೂ ನಿಜವಾದ ನಂಟು ಇರಬೇಕು ಅಂತ 1958ರ ಜಿನೀವಾ ಒಪ್ಪಂದ ಹೇಳಿತು. ಆದರೆ ನಂಟು ಅಂದ್ರೆ ಏನು ಅಂತ ಸ್ಪಷ್ಟವಾಗಿ ಹೇಳಲಿಲ್ಲ. 1978ರ ಮಾರ್ಚ್‌ನಲ್ಲಿ 'ಅಮೊಕೊ ಕ್ಯಾಡಿಜ್' ಟ್ಯಾಂಕರ್ ಫ್ರಾನ್ಸ್‌ನ ಬ್ರಿಟನಿ ಕರಾವಳಿಯಲ್ಲಿ ಒಡೆಯಿತು. 2 ಲಕ್ಷ ಟನ್‌ಗೂ ಹೆಚ್ಚು ತೈಲ ಸಮುದ್ರಕ್ಕೆ ಸೇರಿತು. ಕಂಪನಿ ಅಮೆರಿಕದ್ದು, ಬಾವುಟ ಲೈಬೀರಿಯಾದ್ದು, ಹಾಳಾದ ತೀರ ಫ್ರಾನ್ಸ್‌ನದ್ದು. ಆಮೇಲೆ ಯುರೋಪಿನ ದೇಶಗಳು ಯೋಚನೆಯ ದಿಕ್ಕನ್ನೇ ಬದಲಿಸಿದವು. ಬಾವುಟ ಯಾರದ್ದಾದರೂ ಇರಲಿ, ನಮ್ಮ ಬಂದರಿಗೆ ಬಂದ ಹಡಗನ್ನ ನಾವೇ ತಪಾಸಣೆ ಮಾಡ್ತೀವಿ, ದೋಷ ಇದ್ರೆ ತಡೆದು ನಿಲ್ಲಿಸ್ತೀವಿ ಅಂತ 1982ರಲ್ಲಿ ಪ್ಯಾರಿಸ್‌ನಲ್ಲಿ ಒಪ್ಪಂದ ಮಾಡಿಕೊಂಡವು. ಇಂಥದ್ದೇ ಹಿಂದೂ ಮಹಾಸಾಗರದ ಒಪ್ಪಂದದಲ್ಲಿ ಭಾರತವೂ ಇದೆ. ಇದರಿಂದ ದೊಡ್ಡ ನೋಂದಣಿಗಳು ಸಾಕಷ್ಟು ಸುಧಾರಿಸಿವೆ, ಅದನ್ನೂ ಹೇಳಬೇಕು. ಈಗ ಹೆಚ್ಚಿನ ತಲೆನೋವು, ಹಳೇ ಹಡಗುಗಳನ್ನ ಏನೂ ಕೇಳದೆ ಸೇರಿಸಿಕೊಳ್ಳುವ ಸಣ್ಣ ನೋಂದಣಿಗಳದ್ದು.

ನಮಗೇನು ಸಂಬಂಧ ಅಂತೀರಾ? 2025ರ ಮೇ 25ರಂದು ಕೊಚ್ಚಿ ಹತ್ತಿರ 640 ಕಂಟೇನರ್‌ಗಳ ಜೊತೆ ಮುಳುಗಿದ 'ಎಂಎಸ್‌ಸಿ ಎಲ್ಸಾ 3' ಹಡಗಿನ ಬಾವುಟವೂ ಲೈಬೀರಿಯಾದ್ದೇ. 24 ಸಿಬ್ಬಂದಿಯೂ ಬದುಕಿದರು. ಆದರೆ ಪ್ಲಾಸ್ಟಿಕ್ ಕಾಳುಗಳು ಕೇರಳದ ತೀರಕ್ಕೆ ಬಂದು ಬಿದ್ದವು, ಹೊಡೆತ ತಿಂದವರು ಮೀನುಗಾರರು.

ಇನ್ನೊಂದು ವಿಷಯ ನನಗೆ ಇದಕ್ಕಿಂತ ಹೆಚ್ಚು ಕಾಡುತ್ತೆ. ಸಂಬಳ ಕೊಡದೆ, ಊಟಕ್ಕೂ ಗತಿಯಿಲ್ಲದ ಹಾಗೆ ನಾವಿಕರನ್ನ ಹಡಗಿನಲ್ಲೇ ಕೈಬಿಡುವ ಮಾಲೀಕರಿದ್ದಾರೆ. 2024ರಲ್ಲಿ ಹೀಗೆ ಕೈಬಿಟ್ಟ ಹಡಗುಗಳು 300ಕ್ಕೂ ಹೆಚ್ಚು, ನಾವಿಕರು 3,000ಕ್ಕೂ ಹೆಚ್ಚು. ಬಹುಪಾಲು ಬಾಡಿಗೆ ಬಾವುಟದ ಹಡಗುಗಳೇ. ಆ ನಾವಿಕರಲ್ಲಿ ಅತಿ ಹೆಚ್ಚು ಜನ ಭಾರತೀಯರು. ಜಗತ್ತಿನ ಹಡಗುಗಳಲ್ಲಿ ಭಾರತದ ಬಾವುಟದ ಪಾಲು ಶೇ 1ರ ಆಸುಪಾಸು. ಅಂದ್ರೆ ನಮ್ಮ ಹುಡುಗರಲ್ಲಿ ಹೆಚ್ಚಿನವರು ದುಡಿಯೋದು ಬೇರೆಯವರ ಬಾವುಟದ ಕೆಳಗೇ.

ಹಾಗಾಗಿ ನಿಮ್ಮ ಮನೆಯಲ್ಲಿ, ಸ್ನೇಹಿತರಲ್ಲಿ ಯಾರಾದರೂ ಮರ್ಚೆಂಟ್ ನೇವಿಗೆ ಹೊರಟಿದ್ದರೆ ಸಂಬಳ ಎಷ್ಟು ಅಂತ ಕೇಳಿ ಸುಮ್ಮನಾಗಬೇಡಿ. ಹಡಗಿನ ಐಎಂಒ ನಂಬರ್ ಕೇಳಿ. ಏಳು ಅಂಕಿಯ ಆ ನಂಬರ್, ಹಡಗಿನ ಹೆಸರು, ಮಾಲೀಕ, ಬಾವುಟ ಎಲ್ಲಾ ಬದಲಾದರೂ ಬದಲಾಗಲ್ಲ. ಅದನ್ನ ಹಾಕಿ ಹುಡುಕಿದರೆ ಹಡಗಿನ ಜಾತಕ ಸಿಗುತ್ತೆ. ಸಹಿ ಹಾಕೋಕೆ ಮುಂಚೆ ಹತ್ತು ನಿಮಿಷ ಅದಕ್ಕೆ ಕೊಡಿ.